ಪಕ್ಕದ ಸೀಟಿಗೆ ತಿರುಗಿದ ಮೀಟರುಗಳು

ಕಾರಿನಲ್ಲಿ ಸ್ಪೀಡು ಮೀಟರು ಇರುವುದು ಓಡಿಸುವವನ ಮೂಗಿನ ನೇರಕ್ಕೆ. ಬೆಳಗಾದರೆ ಕಾರುಗಳ ಹೊಟ್ಟೆಯೊಳಗೇ ತಲೆ ತೂರಿಸಿಕೊಂಡು ಬದುಕುವ ಫೈಬರಕ್ಕನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಾಗಿರುವಾಗ ಸ್ವಂತ ಅಕ್ಕನ ಗಂಡನೇ ಬಂದು, ಇನ್ನೊಂದು ಸ್ಪೀಡು ಮೀಟರನ್ನು ಗೇರಿನ ಹತ್ತಿರ ಕೂರಿಸಿಕೊಡು, ಅದರ ಮುಖ ನನ್ನ ಕಡೆ ಬೇಡ, ನಿಮ್ಮಕ್ಕ ಕೂರುವ ಸೀಟಿನ ಕಡೆ ತಿರುಗಿಸು ಎಂದರೆ ಅವಳು ಏನೆಂದು ತಿಳಿದುಕೊಳ್ಳಬೇಕು, ನೀವೇ ಹೇಳಿ.

"ಯಾಕೆ ಭಾವ, ಎದುರಿಗೇ ಒಂದು ಇದೆಯಲ್ಲ" ಎಂದಳು.

"ಅದು ನನಗೆ. ಇದು ನಿಮ್ಮಕ್ಕನಿಗೆ" ಎಂದ ಭಾವ. "ಮದುವೆಯಾದಾಗಿನಿಂದ ಸ್ಪೀಡು ಜಾಸ್ತಿ, ಸ್ಪೀಡು ಜಾಸ್ತಿ ಅಂತ ಬೈತಾನೇ ಇದಾಳೆ. ಇನ್ನು ಮೇಲೆ ನೋಡ್ಕೊಂಡು ಬೈಲಿ."

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಭಾವ ಬಾಯಿ ತೆರೆದರೆ ನಗದೇ ಇರುವವರು ಕಡಿಮೆ. ಸಾವಿನ ಮನೆಯಲ್ಲೂ ಜನರನ್ನು ನಗಿಸಿ ಹಿರಿಯರ ಕೈಲಿ ಬೈಸಿಕೊಂಡ ಮನುಷ್ಯ. ಮೀಸೆ ಮೂಡಿದಾಗಿನಿಂದ ಬಾಡಿಗೆ ಕಾರು ಓಡಿಸಿದವನು, ಒಂದು ಸಲವೂ ಯಾವುದಕ್ಕೂ ಗುದ್ದಿದವನಲ್ಲ. ಊರಿನಲ್ಲಿ ಬಸುರಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕೆಂದರೆ ಮೊದಲು ಬಾಯಿಗೆ ಬರುತ್ತಿದ್ದುದು ಅವನ ಹೆಸರೇ. ಈಚೆಗೆ ಬಾಡಿಗೆ ಕಡಿಮೆ ಮಾಡಿ, ಬೆಳಿಗ್ಗೆ ಬೀದಿಯ ಮಕ್ಕಳನ್ನು ಶಾಲೆಗೆ ಬಿಡುವುದು, ಸಂಜೆ ಕರೆತರುವುದು, ಇಷ್ಟೇ ಇಟ್ಟುಕೊಂಡಿದ್ದ. ಪಕ್ಕದ ಸೀಟಿನಲ್ಲಿ ಅಕ್ಕ. ಹೋದಲ್ಲೆಲ್ಲ ಅಕ್ಕ. ಗಂಡನನ್ನು ಒಂದು ಗಳಿಗೆ ಬಿಟ್ಟಿರಲಾರಳು, ಈ ವಯಸ್ಸಿನಲ್ಲೂ ಎಂಥ ಪ್ರೀತಿ ನೋಡು ಎಂದು ಬೀದಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ಹಿಂದಿನ ಸೀಟಿನಲ್ಲಿ ಫೈಬರಕ್ಕನ ಒಬ್ಬಳೇ ಮಗಳು ಗುಬ್ಬಿ. ದಿನವೂ ಹೋಗಿ ಬರುವುದು ಅದೇ ಕಾರಿನಲ್ಲಿ. ದೊಡ್ಡಪ್ಪ ಓಡಿಸುತ್ತಾನೆ, ದೊಡ್ಡಮ್ಮ ಜೊತೆಗಿದ್ದಾಳೆ ಎಂದ ಮೇಲೆ ತಾಯಿಗೆ ಇನ್ನೇನು ಬೇಕು. ಮಗಳ ಜಡೆ ಹೆಣೆದು, ಚೀಲ ಹೆಗಲಿಗೇರಿಸಿ, ಕಾರಿನ ಬಾಗಿಲು ಹಾಕಿ, ಮತ್ತೆ ಸಂಜೆಯವರೆಗೆ ಅವಳ ಚಿಂತೆ ಬಿಟ್ಟು ಕೆಲಸದಲ್ಲಿ ಮುಳುಗುತ್ತಿದ್ದಳು.

ಕೆಲಸ ಎಂದರೆ ಫೈಬರಿನದು. ಡೊಂಕು ತೆಗೆಯುವವನ ಅಂಗಡಿಗೂ ಟೈರಿನವನ ಅಂಗಡಿಗೂ ನಡುವೆ ತಗಡಿನ ಶೆಡ್ಡು. ಒಳಗೆ ಕಾಲಿಟ್ಟರೆ ರೆಸಿನ್ ಎಂಬ ಅಂಟಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಗಾಜಿನ ನಾರು ಮೈಗೆ ಹತ್ತಿದರೆ ಸ್ನಾನ ಮಾಡಿದರೂ ತುರಿಕೆ ಹೋಗುವುದಿಲ್ಲ. ಒಡೆದ ಬಂಪರು ಕೂಡಿಸುವುದು, ಸ್ಪೀಕರಿಗೆ ಪೆಟ್ಟಿಗೆ ಮಾಡುವುದು, ಹುಡುಗರು ಕೇಳಿದ ಹಾಗೆ ಕಾರಿನೊಳಗೆ ಏನೇನೋ ಚಮತ್ಕಾರ ಮಾಡಿಕೊಡುವುದು ಅವಳ ಪಾಲು. ವೈರು, ದೀಪ, ಮೀಟರು ಗಂಡನ ಪಾಲು. ಅವನೋ ಕೇಳಿದರೆ ಒಂದು ಮಾತು, ಕೇಳದಿದ್ದರೆ ಅದೂ ಇಲ್ಲ. ಇಬ್ಬರ ಪಾಲಿನ ಮಾತನ್ನೂ ಅವಳೇ ಆಡಿಬಿಡುತ್ತಿದ್ದಳು.

ಭಾವನಿಗೆ ಬೇಕಾಗಿದ್ದುದು ಕನ್ಸೋಲು. ಎರಡು ಮುಂದಿನ ಸೀಟುಗಳ ನಡುವೆ, ಗೇರನ್ನು ಸುತ್ತಿಕೊಂಡು ಉದ್ದಕ್ಕೆ ಕೂತಿರುತ್ತದಲ್ಲ, ಆ ಪೆಟ್ಟಿಗೆ. ಹಳೆಯದನ್ನು ಕಿತ್ತು ಹೊಸದು ಮಾಡಬೇಕು, ಅದರಲ್ಲಿ ಮೂರು ಮೀಟರು ಬರಬೇಕು. ಒಂದು ಸ್ಪೀಡಿಗೆ, ಒಂದು ಪೆಟ್ರೋಲಿಗೆ, ಒಂದು ಇಂಜಿನ್ನಿನ ಬಿಸಿಗೆ. ಮೂರರ ಮುಖವೂ ಅಕ್ಕನ ಕಡೆಗೆ.

ಅಕ್ಕ ಒಂದು ಮಾತು ಸೇರಿಸಿದಳು. "ನನ್ನ ಕಡೆಯ ಅಂಚು ಇದೆಯಲ್ಲ, ಅದನ್ನ ಗಟ್ಟಿಯಾಗಿ ಬಿಡು ಪುಟ್ಟಿ. ಬಟ್ಟೆ, ರೆಕ್ಸಿನ್ನು ಏನೂ ಹಾಕ್ಬೇಡ. ತೆಳ್ಳಗಿರಲಿ, ಬರೀ ಫೈಬರು."

"ಬರೀ ಫೈಬರು ಬಿಟ್ಟರೆ ಚೆನ್ನಾಗಿರಲ್ಲ ಅಕ್ಕ. ಬಿಸಿಲಿಗೆ ಸುಡುತ್ತೆ."

"ಸುಡಲಿ. ನಿನಗ್ಯಾಕೆ ಸುಮ್ನೆ ಕಷ್ಟ."

ಅಕ್ಕ ಮೊದಲಿನಿಂದಲೂ ಹಾಗೆಯೇ. ತನಗೆಂದು ಏನೂ ಕೇಳುವವಳಲ್ಲ. ತಟ್ಟೆಯಲ್ಲಿ ದೊಡ್ಡ ತುಂಡು ಬಿದ್ದರೆ ತಂಗಿಯ ತಟ್ಟೆಗೆ ದಾಟಿಸಿ, ನನಗೆ ಹಸಿವಿಲ್ಲ ಎನ್ನುತ್ತಿದ್ದವಳು. ಇದೂ ಅಂಥದ್ದೇ ಎಂದುಕೊಂಡಳು ಫೈಬರಕ್ಕ. ಇಲ್ಲೇ ಅವಳು ಎಡವಿದ್ದು.

ಕೆಲಸ ಮುಗಿಯುವವರೆಗೆ ಕಾರು ಶೆಡ್ಡಿನ ಹೊರಗೇ ನಿಂತಿತು, ಬೀದಿಯ ಮಕ್ಕಳು ನಡೆದೇ ಶಾಲೆಗೆ ಹೋದರು. ಹಳೆಯ ಕನ್ಸೋಲನ್ನು ಗಂಡ ಸ್ಕ್ರೂ ಬಿಚ್ಚಿ ಕೊಟ್ಟ. ಅಳತೆ ತೆಗೆಯಲು ಬೆಂಚಿನ ಮೇಲೆ ಮಲಗಿಸಿದಾಗ ಅವಳ ಕೈ ಅಕ್ಕನ ಕಡೆಯ ಅಂಚಿಗೆ ತಾಗಿತು. ಅಲ್ಲಿ ಒಂದು ಬೆರಳಗಲದ ಜಾಗ ಸಿಡುಬಿನ ಕಲೆಯ ಹಾಗೆ ಗುಳಿಗುಳಿಯಾಗಿತ್ತು. ಪ್ಲಾಸ್ಟಿಕ್ಕಿನ ಹೊಳಪೆಲ್ಲ ಹೋಗಿ ಬೆಳ್ಳಗಾಗಿತ್ತು. ಬೇರೆಲ್ಲೂ ಒಂದು ಗೀರಿಲ್ಲ, ಅಲ್ಲಿ ಮಾತ್ರ ಲೆಕ್ಕವಿಲ್ಲದಷ್ಟು.

"ಏನ್ರೀ ಇದು, ಮರಕುಟಿಗ ಕುಕ್ಕಿದ ಹಾಗೆ" ಎಂದಳು.

ಗಂಡ ಬಗ್ಗಿ ನೋಡಿದ. "ಉಂಗುರದ್ದು" ಎಂದ.

ಹೌದು, ಉಂಗುರದ್ದೇ. ಅಕ್ಕನ ಬೆರಳಿನಲ್ಲಿ ತಾತನ ಕಾಲದ ದಪ್ಪ ಬೆಳ್ಳಿಯ ಉಂಗುರ. ಆ ಬೆರಳಿನ ಗೆಣ್ಣು ಕಪ್ಪಾಗಿ ದಡ್ಡುಗಟ್ಟಿದ್ದನ್ನು ಫೈಬರಕ್ಕ ಹೋದ ಸಲವೇ ನೋಡಿದ್ದಳು. ಏನಾಯ್ತೇ ಎಂದರೆ, ಪಾತ್ರೆ ತಿಕ್ಕಿ ತಿಕ್ಕಿ ಎಂದಿದ್ದಳು ಅಕ್ಕ. ಸುಳ್ಳಿ. ಹಳ್ಳಕೊಳ್ಳದ ರಸ್ತೆಯಲ್ಲಿ ಕಾರು ಕುಲುಕಿದಾಗೆಲ್ಲ ಪಾಪ ಕೈ ಹೋಗಿ ಇಲ್ಲಿ ಬಡಿಯುತ್ತಿದೆ, ಬಾಯಿಬಿಟ್ಟು ಹೇಳುವ ಜಾಯಮಾನವಲ್ಲ. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡು ಹಳೆಯದನ್ನು ಅಟ್ಟದ ಮೇಲೆ ಎತ್ತಿಟ್ಟಳು.

ಅಚ್ಚು ಕಟ್ಟುವ ಕೆಲಸ ಶುರುವಾಯಿತು. ಥರ್ಮಕೋಲು ಕೊಯ್ದು ಮೈ ಮಾಡಿದಳು. ಮೀಟರು ಕೂರುವ ಕಡೆ ಪ್ಲೈವುಡ್ಡಿನ ಮೂರು ಬಳೆ ನಿಲ್ಲಿಸಿ, ಅಕ್ಕನ ಸೀಟಿನಲ್ಲಿ ತಾನೇ ಕೂತು, ಕತ್ತು ಬಗ್ಗಿಸದೆ ಕಣ್ಣಿಗೆ ಬೀಳುವಷ್ಟು ಓರೆ ಮಾಡಿದಳು. ಮೇಲೆ ಬಟ್ಟೆ ಬಿಗಿಯಾಗಿ ಎಳೆದು, ರೆಸಿನ್ನಿಗೆ ಗಟ್ಟಿಯಾಗುವ ಮದ್ದು ಬೆರೆಸಿ, ಬ್ರಷ್ಷಿನಲ್ಲಿ ಬಳಿದಳು. ರೆಸಿನ್ ಗಟ್ಟಿಯಾಗುವಾಗ ತಾನಾಗಿಯೇ ಬಿಸಿಯಾಗುತ್ತದೆ. ಎಷ್ಟು ಸಲ ಮಾಡಿದ್ದರೂ ಒಲೆಯಿಲ್ಲದೆ ಬರುವ ಆ ಬಿಸಿಗೆ ಅಂಗೈ ಒಡ್ಡಿ ನಿಲ್ಲುವುದು ಅವಳಿಗೆ ಇಷ್ಟ. ಈ ಸಲ ಮಾತ್ರ ಒಡ್ಡಿದ ಕೈಯನ್ನು ಹಿಂದಕ್ಕೆ ತೆಗೆದಳು. ಯಾಕೋ ಮನಸ್ಸು ನಿಲ್ಲಲಿಲ್ಲ.

ಗಂಡ ಸ್ಟೇರಿಂಗಿನ ಹಿಂದೆ ಕೂತು ನೋಡಿದ. "ಓಡಿಸೋರಿಗೆ ಬೆನ್ನು ತೋರಿಸಿ ಕೂತ ಮೀಟರು ನಾನು ಇದೇ ಮೊದಲು ನೋಡ್ತಾ ಇರೋದು" ಎಂದ.

ಯಾರೂ ಕೇಳದೆ ಅವನು ತಾನಾಗಿಯೇ ಆಡಿದ ಮಾತು ಅದು. ಅಂಥವನ ಬಾಯಲ್ಲೂ ಬಂತಲ್ಲ ಎಂದು ಅವಳಿಗೆ ಇನ್ನಷ್ಟು ಕಸಿವಿಸಿಯಾಯಿತು.

ಬಣ್ಣದ ವಿಚಾರಕ್ಕೆ ರೆಕ್ಸಿನ್ನಿನ ಎರಡು ತುಂಡು ಹಿಡಿದು ಅಕ್ಕನ ಮನೆಗೆ ಹೋದಳು. ಒಂದು ಕಪ್ಪು, ಒಂದು ಇಟ್ಟಿಗೆಯ ಬಣ್ಣ. ಭಾವ ಜಗಲಿಯ ಮೇಲೆ ಕೂತಿದ್ದ. ಮಾತಾಡುವಾಗ ಅವನು ಅವಳ ಮುಖ ಬಿಟ್ಟು ಕಿವಿಯ ಪಕ್ಕದಲ್ಲಿ ಏನನ್ನೋ ನೋಡುತ್ತಿದ್ದ. ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ಅವಳು ಒಂದು ಸಲ ತಿರುಗಿಯೂ ನೋಡಿದಳು. ಯಾರೂ ಇರಲಿಲ್ಲ.

"ಎರಡರಲ್ಲಿ ಯಾವುದು ಭಾವ?"

ಅವನು ಎರಡನ್ನೂ ಬೆರಳಲ್ಲಿ ಸವರಿ, ಇಟ್ಟಿಗೆ ಬಣ್ಣದ್ದನ್ನು ಎತ್ತಿಹಿಡಿದ. "ಕಪ್ಪೇ ಇರಲಿ. ಕೊಳೆ ಕಾಣಲ್ಲ."

ಅಡುಗೆಮನೆಯಿಂದ ಅಕ್ಕ ಓಡಿಬಂದವಳ ಹಾಗೆ ಬಂದು ಅವನ ಕೈಯಿಂದ ತುಂಡು ಕಸಿದುಕೊಂಡಳು. "ಇವರ ತಮಾಷೆ ಮುಗಿಯೋದಿಲ್ಲ. ಕಪ್ಪು ಹಾಕು ಪುಟ್ಟಿ" ಎಂದು ತಂಗಿಯ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದಳು.

ಒಳಗೆ ಅಕ್ಕ ತರಕಾರಿ ಹೆಚ್ಚುತ್ತಾ ನಿಂತಳು. ಫೈಬರಕ್ಕ ಬಾಗಿಲಿಗೆ ಒರಗಿ ಕೇಳಿಯೇಬಿಟ್ಟಳು. "ಅಕ್ಕ, ಭಾವನ ಕಣ್ಣು ಸರಿಯಾಗಿದೆಯಾ?"

ಚಾಕು ನಿಂತಿತು. "ಯಾರು ಹೇಳಿದ್ದು ನಿನಗೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಸರಿಯಾಗಿದೆ ಎನ್ನಲಿಲ್ಲ, ಕೆಟ್ಟಿದೆ ಎನ್ನಲಿಲ್ಲ, ಯಾರು ಹೇಳಿದ್ದು ಎಂದಳು.

"ಯಾರೂ ಹೇಳಿಲ್ಲ. ನಾನೇ ಕೇಳ್ದೆ."

"ವಯಸ್ಸಾಗ್ತಾ ಬಂತು. ಓದೋಕೆ ಕನ್ನಡಕ ಬೇಕು, ಹಾಕ್ಕೊಂಡ್ರೆ ಮುದುಕ ಅಂತಾರೆ ಅಂತ ನಾಚಿಕೆ. ಅಷ್ಟೇ. ದಾರಿ ಚೆನ್ನಾಗೇ ಕಾಣುತ್ತೆ." ಅಕ್ಕ ಚಾಕು ಕೆಳಗಿಟ್ಟು ತಂಗಿಯ ಕಡೆ ತಿರುಗಿದಳು. ಅವಳ ಕಣ್ಣು ತುಂಬಿತ್ತು. "ನಿನ್ನ ಮಗಳನ್ನ ಎತ್ತಿ ಆಡಿಸಿದವಳು ನಾನು. ಅವಳಿಗೆ ಅಪಾಯ ಅಂದ್ರೆ ಕೂರಿಸ್ಕೊಂಡು ಹೋಗ್ತೀನೇನೇ?"

ನಾಲಿಗೆ ಕಚ್ಚಿಕೊಂಡು ಹೊರಬಂದಳು ಫೈಬರಕ್ಕ. ಅಮ್ಮ ಹೋದ ಮೇಲೆ ಅಮ್ಮನಾಗಿ ನಿಂತವಳನ್ನು ಅನುಮಾನಿಸಿದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ನಾಚಿಕೆಯೂ ಆಯಿತು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ. ಇವಳು ಕಣ್ಣಾರೆ ಕಂಡದ್ದನ್ನೂ ಬಿಟ್ಟು, ಕಿವಿಯಾರೆ ಕೇಳಿದ್ದನ್ನು ನಂಬಿದಳು. ನಂಬದಿದ್ದರೆ ಅಕ್ಕನನ್ನು ಕಳೆದುಕೊಳ್ಳಬೇಕಾಗಿತ್ತು, ಅದಕ್ಕೆ ನಂಬಿದಳು.

ಆ ನಾಚಿಕೆಯಲ್ಲೇ ಅವಳಿಗೆ ಹೊಳೆಯಿತು, ಅಕ್ಕನಿಗೆ ಏನಾದರೂ ಮಾಡಿಕೊಡಬೇಕು. ಕನ್ಸೋಲಿಗೆ ಸಂದು ತುಂಬುವ ಲೇಪ ಮೆತ್ತಿ, ಉಜ್ಜಿ, ಕಪ್ಪು ರೆಕ್ಸಿನ್ನು ಹೊದಿಸಿ ಆಗಿತ್ತು. ಉಳಿದಿದ್ದುದು ಅಕ್ಕನ ಕಡೆಯ ಅಂಚೊಂದೇ. ಗೆಣ್ಣಿನಿಂದ ಕುಟ್ಟಿ ನೋಡಿದಳು, ಖಾಲಿ ಡಬ್ಬ ಕುಟ್ಟಿದ ಹಾಗೆ ಟಣ್ ಎಂದಿತು. ಇಂಥ ಕಲ್ಲಿನ ಮೇಲೆ ಆ ಬೆರಳು ಇನ್ನೆಷ್ಟು ವರ್ಷ ಬಡಿಸಿಕೊಳ್ಳಬೇಕು. ಸೀಟಿಗೆ ಹಾಕುವ ಒಳ್ಳೆಯ ಫೋಮು ತಂದು, ಎರಡು ಪದರ ಅಂಟಿಸಿ, ಮೇಲೆ ಮೆತ್ತನೆಯ ರೆಕ್ಸಿನ್ನು ಎಳೆದು, ಹೊಲಿಗೆ ಕಾಣದ ಹಾಗೆ ಮಡಿಸಿ ಕೂರಿಸಿದಳು. ಮತ್ತೆ ಕುಟ್ಟಿದಳು. ಸದ್ದೇ ಇಲ್ಲ. ಹತ್ತಿಯ ದಿಂಬಿಗೆ ಕೈಯಿಟ್ಟ ಹಾಗಿತ್ತು. ಅವಳ ಕೈಯಿಂದ ಬಂದ ಕೆಲಸಗಳಲ್ಲೆಲ್ಲ ಅಚ್ಚುಕಟ್ಟಾದದ್ದು ಅದೇ ಎಂದು ಗಂಡನೂ ಒಪ್ಪಿದ.

ಮಾರನೆಯ ದಿನ ಭಾವ ಒಬ್ಬನೇ ನಡೆದುಕೊಂಡು ಶೆಡ್ಡಿಗೆ ಬಂದ. ಕನ್ಸೋಲು ಬೆಂಚಿನ ಮೇಲಿತ್ತು. ಮೀಟರುಗಳನ್ನು ಇನ್ನೂ ಕೂರಿಸಿರಲಿಲ್ಲ, ಮೂರೂ ಗಂಡನ ಕೈಯ ಡಬ್ಬದಲ್ಲಿದ್ದವು. ಪೆಟ್ಟಿಗೆಯಲ್ಲಿ ಮೂರು ದುಂಡನೆಯ ತೂತು, ಆಚೆ ಗೋಡೆ ಕಾಣುತ್ತಿತ್ತು.

ಭಾವ ಸೊಂಟದ ಮೇಲೆ ಕೈಯಿಟ್ಟು ಬಗ್ಗಿ ನೋಡಿದ. "ಭೇಷ್. ಮುಳ್ಳು ಮೂರೂ ಎಷ್ಟು ಚೆನ್ನಾಗಿ ಕಾಣ್ತಾ ಇವೆ" ಎಂದ.

ಗಂಡ ನಕ್ಕ. ಹರಟೆಗೆಂದು ಬಂದಿದ್ದ ಟೈರಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. ಭಾವನೂ ನಕ್ಕ. ಆದರೆ ಅವನ ನಗು ಎಲ್ಲರದಕ್ಕಿಂತ ಒಂದು ಉಸಿರು ತಡವಾಗಿ ಬಂತು. ಏನೋ ತಪ್ಪಿತು ಎಂದು ಸದ್ದಿನಿಂದ ತಿಳಿದುಕೊಂಡು, ಆಮೇಲೆ ನಕ್ಕ ನಗು ಅದು. ಫೈಬರಕ್ಕ ಉಜ್ಜುವ ಕಾಗದವನ್ನು ಕೆಳಗಿಟ್ಟು ಅವನನ್ನೇ ನೋಡಿದಳು.

ಅವನು ಹೋದ ಮೇಲೆ ಗಂಡನ ಹತ್ತಿರ ಹೇಳಿದಳು. "ತಮಾಷೆ ಅಲ್ಲ ಅನ್ಸುತ್ತೆ ಕಣ್ರೀ."

"ಅವರು ಯಾವಾಗ ತಮಾಷೆ ಮಾಡಿಲ್ಲ ಹೇಳು."

"ಕಾಣ್ತಾ ಇಲ್ಲ ಅವರಿಗೆ."

ಗಂಡ ಟೇಪು ಸುತ್ತುತ್ತಿದ್ದವನು ತಲೆಯೆತ್ತಿದ. "ಕಾಣದೇ ಇರೋರು ದಿನಾ ಕಾರು ಓಡಿಸ್ತಾರೇನೇ? ಎಲ್ಲೂ ಒಂದು ಗೀರು ಬಿದ್ದಿಲ್ಲ ಆ ಕಾರಿಗೆ."

ಅದೂ ನಿಜವೇ. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಗೀರು ಬಿದ್ದಿದ್ದರೆ ಕಾಣುತ್ತಿತ್ತು. ಹೊರಗೆ ಹೋಗಿ ಕಾರನ್ನು ಸುತ್ತು ಹಾಕಿ, ಬಂಪರಿನಿಂದ ಬಂಪರಿನವರೆಗೆ ಸವರಿದಳು. ಏನೂ ಇಲ್ಲ. ಆದರೂ ಅನುಮಾನ ಹೋಗಲಿಲ್ಲ. ಬೇರೆಯವರ ಮಕ್ಕಳ ಮಾತು ಹಾಗಿರಲಿ, ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಆ ಹಿಂದಿನ ಸೀಟಿನಲ್ಲಿ ಕೂರುತ್ತದೆ. ನಾಳೆ ಕಾರು ಒಯ್ಯುವಾಗ ತಾನೂ ಜೊತೆಗೆ ಹೋಗಿ, ಕಣ್ಣಾರೆ ನೋಡಿಯೇ ತೀರುವುದು ಎಂದು ಗಟ್ಟಿ ಮಾಡಿಕೊಂಡಳು. ನೋಡುವವರೆಗೆ ಮಗಳನ್ನು ಹತ್ತಿಸುವುದಿಲ್ಲ.

ಬೆಳಿಗ್ಗೆ ಗಂಡ ಮೀಟರುಗಳನ್ನು ಕೂರಿಸಿ, ಕನ್ಸೋಲು ಬಿಗಿದು, ಕೀ ತಿರುಗಿಸಿದ. ಮೂರು ಮುಳ್ಳೂ ಒಟ್ಟಿಗೆ ಎದ್ದು ನಡುಗಿ ನಿಂತವು. ಅಷ್ಟರಲ್ಲಿ ಅಕ್ಕನೂ ಭಾವನೂ ಬಂದರು. ಭಾವನಿಗೆ ಸಂಭ್ರಮ. ಸೀದಾ ಹೋಗಿ ಸ್ಟೇರಿಂಗು ಹಿಡಿದು ಕೂತ. ಫೈಬರಕ್ಕ ಕೈ ಒರೆಸಿಕೊಂಡು ತಿರುಗುವುದರೊಳಗೆ ಗುಬ್ಬಿ ಎಲ್ಲಿಂದಲೋ ಹಾರಿಬಂದು, ಚೀಲ ಸಮೇತ ಹಿಂದಿನ ಸೀಟಿನಲ್ಲಿ ಕೂತಾಗಿತ್ತು.

"ಇಳಿಯೇ. ಇವತ್ತು ನಡ್ಕೊಂಡು ಹೋಗು."

"ದೊಡ್ಡಪ್ಪ ಕರೆದ್ರು" ಎಂದಳು ಗುಬ್ಬಿ.

"ಇರಲಿ ಬಿಡಮ್ಮ, ಹೊಸ ಕಾರಾಗಿದೆ, ಮಗು ಮೊದಲು ಕೂರಲಿ" ಎಂದ ಭಾವ, ಇಂಜಿನ್ನು ಶುರು ಮಾಡುತ್ತಾ. ಎಲ್ಲರೆದುರು ಎಳೆದು ಇಳಿಸಲು ಫೈಬರಕ್ಕನಿಗೆ ಕೈ ಬರಲಿಲ್ಲ. ಆಗ ಎಳೆದು ಇಳಿಸಿದ್ದರೆ ಯಾರ ಮನೆ ಮುಳುಗುತ್ತಿತ್ತು. ಮುಖ ನೋಡಿ ಮಣೆ ಹಾಕುವ ಈ ದಾಕ್ಷಿಣ್ಯಕ್ಕೆ ಬೆಂಕಿ ಬೀಳಲಿ. ಅವಳೂ ಹಿಂದೆ ಹತ್ತಿ, ಮಗಳನ್ನು ತೊಡೆಗೆ ಒತ್ತಿಕೊಂಡು ಕೂತಳು.

ಅಕ್ಕ ಕೂತು ಬಾಗಿಲು ಹಾಕಿದಳು. ಅವಳ ಕೈ ತಾನಾಗಿಯೇ ಕನ್ಸೋಲಿನ ಅಂಚಿಗೆ ಹೋಯಿತು. ಹೋದದ್ದು ಅಲ್ಲೇ ನಿಂತಿತು.

"ಇದೇನೇ ಇದು" ಎಂದಳು ಮೆಲ್ಲಗೆ.

"ನಿನ್ನ ಬೆರಳಿಗೆ ಅಂತಲೇ ಮಾಡಿದ್ದು ಅಕ್ಕ. ಬಡಿದ್ರೂ ನೋವಾಗಲ್ಲ ಇನ್ನು."

ಅಕ್ಕ ಬೆರಳಿನಿಂದ ಆ ಅಂಚನ್ನು ಒತ್ತಿ ನೋಡಿದಳು. "ಬೇಡ ಅಂದಿದ್ನಲ್ಲೇ" ಎಂದಳು. ಅಷ್ಟರಲ್ಲಿ ಕಾರು ಹೊರಟಾಗಿತ್ತು.

ಮೊದಲು ಏನೂ ಆಗಲಿಲ್ಲ. ಅದೇ ಭಯಂಕರ. ಅಂಗಡಿಗಳ ಓಣಿಯನ್ನು ಭಾವ ನೀರು ಹರಿದ ಹಾಗೆ ದಾಟಿಸಿದ, ತಿರುವಿನಲ್ಲಿ ತಡವರಿಸದೆ ತಿರುಗಿಸಿದ. ನೋಡಿದರೆ ಇವನಿಗಿಂತ ಒಳ್ಳೆಯ ಡ್ರೈವರಿಲ್ಲ ಎನ್ನಬೇಕು. ಫೈಬರಕ್ಕ ಕನ್ನಡಿಯಲ್ಲಿ ಅವನ ಕಣ್ಣನ್ನೇ ನೋಡುತ್ತಿದ್ದಳು. ಆ ಕಣ್ಣು ರಸ್ತೆಯ ನಡುವನ್ನು ನೋಡುತ್ತಿರಲಿಲ್ಲ, ಪಕ್ಕದ ಚರಂಡಿಯ ಕಟ್ಟೆಯನ್ನು ಹಿಡಿದುಕೊಂಡು ಹೋಗುತ್ತಿತ್ತು. ಒಂದು ಕಿವಿ ಅಕ್ಕನ ಕಡೆ ಓರೆಯಾಗಿತ್ತು.

"ರೀ, ಇವತ್ತು ನಿಧಾನ ಹೋಗೋಣ" ಎಂದಳು ಅಕ್ಕ.

"ಹೊಸ ಮೀಟರು ಪರೀಕ್ಷೆ ಮಾಡೋದು ಬೇಡ್ವಾ? ಎಷ್ಟು ತೋರಿಸ್ತಾ ಇದೆ ಹೇಳು, ಬೈಯೋಕೆ ಶುರು ಮಾಡು" ಎಂದು ಅವನು ನಕ್ಕು, ಉದ್ದನೆಯ ರಸ್ತೆಗೆ ಬಂದೊಡನೆ ಕಾಲು ಒತ್ತಿದ. ಗುಬ್ಬಿ ಕಿಲಕಿಲ ನಕ್ಕಳು. ಮೀಟರಿನ ಮುಳ್ಳು ಏರಿತು.

ಮುಂದೆ ರಸ್ತೆಯ ಪಕ್ಕಕ್ಕೆ ಒಂದು ಲಾರಿ ನಿಂತಿತ್ತು. ಕಟ್ಟಡಕ್ಕೆ ಹಾಕುವ ಕಬ್ಬಿಣದ ಸರಳು ತುಂಬಿತ್ತು. ಸರಳುಗಳು ಹಿಂದಕ್ಕೆ ಲಾರಿಯನ್ನು ಮೀರಿ ಚಾಚಿಕೊಂಡಿದ್ದವು, ಕಾರಿನ ಮುಂದಿನ ಗಾಜಿನ ಎತ್ತರಕ್ಕೆ. ತುದಿಗೆ ಒಂದು ಕೆಂಪು ಬಟ್ಟೆ ಕಟ್ಟಿದ್ದರು. ಅಷ್ಟು ದೂರದಿಂದಲೇ ಫೈಬರಕ್ಕ ಅದನ್ನು ಕಂಡಳು. ಗುಬ್ಬಿ ಕಂಡಳು. ಕಣ್ಣಿದ್ದ ಯಾರೇ ಆದರೂ ಕಾಣುತ್ತಿದ್ದರು.

ಅಕ್ಕನ ಬೆರಳು ಅಂಚಿನ ಮೇಲೆ ಒಂದು ಸಲ ತಟ್ಟಿತು. ಸದ್ದಿಲ್ಲ. ಎರಡು ಸಲ ತಟ್ಟಿತು. ಸದ್ದಿಲ್ಲ. ಭಾವ ಏನನ್ನೋ ಗುನುಗುತ್ತಿದ್ದ, ಕಾಲು ಎತ್ತಲಿಲ್ಲ. ಅಕ್ಕ ಉಂಗುರದ ಕೈಯನ್ನು ಮುಷ್ಟಿ ಮಾಡಿ ಗುದ್ದಿದಳು, ಗುದ್ದಿದಳು, ಮೆತ್ತನೆಯ ಫೋಮು ಆ ಗುದ್ದನ್ನೆಲ್ಲ ನುಂಗಿಕೊಂಡಿತು. ಆದರೂ ಅವಳು ಕೂಗಲಿಲ್ಲ. ಬಾಯಿಲ್ಲದವಳೇ ಅವಳು? ಒಂದು ಕೂಗು ಸಾಕಿತ್ತು. ಆದರೆ ಗಂಡನ ಮಾನ ಕಾಯಲೆಂದು ವರ್ಷಗಟ್ಟಲೆ ಕಟ್ಟಿಹಾಕಿದ ಬಾಯಿ, ತಂಗಿ ಹಿಂದೆ ಕೂತಿರುವಾಗ, ಮಗು ಕೇಳುತ್ತಿರುವಾಗ, ಹೇಗೆ ತೆರೆದುಕೊಂಡೀತು. ಅವಳು ತಿರುಗಿ ತಂಗಿಯ ಮುಖ ನೋಡಿದಳು. ಅಷ್ಟೇ ಅವಳ ಕೈಲಾದದ್ದು.

ಆ ಒಂದು ನೋಟದಲ್ಲಿ ಫೈಬರಕ್ಕನಿಗೆ ಎಲ್ಲವೂ ಅರ್ಥವಾಯಿತು. ಹಳೆಯ ಕನ್ಸೋಲಿನ ಗುಳಿಗಳು, ದಡ್ಡುಗಟ್ಟಿದ ಗೆಣ್ಣು, ಗಟ್ಟಿಯಾಗಿ ಬಿಡು ಎಂದ ಅಂಚು.

"ಭಾವ, ನಿಲ್ಲಿಸಿ" ಎಂದು ಅವಳು ಜೀವ ಹೋಗುವ ಹಾಗೆ ಕಿರುಚಿದಳು.

ಮೂವತ್ತು ವರ್ಷ ಪಳಗಿದ ಕಾಲು, ಯಾಕೆ ಎಂದು ಕೇಳದೆ ಬ್ರೇಕನ್ನು ತುಳಿಯಿತು. ಟೈರು ಕೂಗಿದವು. ಗುಬ್ಬಿಯ ಚೀಲ ಮುಂದಕ್ಕೆ ಹಾರಿ ಗೇರಿನ ಮೇಲೆ ಬಿತ್ತು. ಕಾರು ಜಾರುತ್ತಾ ಹೋಗಿ ನಿಂತಾಗ, ಸರಳಿನ ತುದಿಯ ಕೆಂಪು ಬಟ್ಟೆ ಮುಂದಿನ ಗಾಜಿಗೆ ತಾಗಿ ಆಡುತ್ತಿತ್ತು.

ಹಿಂದಿನ ಗಾಡಿಗಳು ಹಾರನ್ನು ಹೊಡೆದು, ಬೈದು, ಪಕ್ಕದಿಂದ ದಾಟಿ ಹೋದವು. ಭಾವನ ಎರಡು ಕೈಯೂ ಸ್ಟೇರಿಂಗಿಗೆ ಅಂಟಿಕೊಂಡಿದ್ದವು. ಅವನು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ.

"ಯಾಕೆ ತಟ್ಟಲಿಲ್ಲ?" ಎಂದ.

"ತಟ್ಟಿದೆ ರೀ."

"ಕೇಳಿಸ್ಕೋತಾನೇ ಇದ್ದೆ. ಏನೂ ಬರಲಿಲ್ಲ." ಅವನ ದನಿ ಮಗುವಿನ ದನಿಯ ಹಾಗಿತ್ತು. "ದಾರಿ ಖಾಲಿ ಅಂದ್ಕೊಂಡೆ."

ಫೈಬರಕ್ಕ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡು ಕೂತೇ ಇದ್ದಳು. ಕೇಳುವುದಕ್ಕೂ ಹೆದರಿಕೆ, ಕೇಳದಿರುವುದಕ್ಕೂ ಹೆದರಿಕೆ. "ಎಷ್ಟು ಕಾಣುತ್ತೆ ಭಾವ?"

"ಅಂಚು ಕಾಣುತ್ತೆ" ಎಂದ ಅವನು. "ನಡು ಕಾಣಲ್ಲ. ಯಾರ ಮುಖವೂ ಕಾಣಲ್ಲ. ನಡುವಿಗೆ ನಿಮ್ಮಕ್ಕ ಇದ್ಲು. ಒಂದು ತಟ್ಟಿದ್ರೆ ನಿಧಾನ, ಎರಡು ತಟ್ಟಿದ್ರೆ ನಿಲ್ಲಿಸು."

ಅಂದರೆ ಅಷ್ಟು ದಿನ, ಪ್ರತಿ ಬೆಳಿಗ್ಗೆ, ಅವಳು ಜಡೆ ಹೆಣೆದು ಬಾಗಿಲು ಹಾಕಿ ಕಳಿಸುತ್ತಿದ್ದ ಮಗಳು ಒಂದು ಉಂಗುರದ ಸದ್ದನ್ನು ನಂಬಿಕೊಂಡು ಹೋಗಿ ಬರುತ್ತಿದ್ದಳು. ಅಕ್ಕ ಒಂದು ಸಲ ಸೀನಿದ್ದರೆ, ಒಂದು ಗಳಿಗೆ ತೂಕಡಿಸಿದ್ದರೆ.

ಅಕ್ಕ ಅಳುತ್ತಿದ್ದಳು, ಆದರೆ ಅಳುವಿನ ನಡುವೆಯೂ ಸಿಟ್ಟು. "ಗಟ್ಟಿಯಾಗಿ ಬಿಡು ಅಂತ ಬಾಯಿಬಿಟ್ಟು ಹೇಳಿದ್ದೆ ನಿನಗೆ. ನಿನ್ನನ್ನ ಯಾರು ಕೇಳಿದ್ರು ಇದನ್ನ? ಇಷ್ಟು ದಿನ ಒಂದು ಗೀರು ಬಿದ್ದಿತ್ತಾ ಇದಕ್ಕೆ? ಕಿತ್ತುಹಾಕು. ಇವತ್ತೇ ಕಿತ್ತುಹಾಕಿ ಕೊಡು, ಸಂಜೆ ಮಕ್ಕಳನ್ನ ಕರ್ಕೊಂಡು ಬರಬೇಕು."

ಫೈಬರಕ್ಕ ಅಕ್ಕನನ್ನು ನೋಡಿದಳು. ತನ್ನನ್ನು ಸಾಕಿದ ಅಕ್ಕನೇ. ಹುಚ್ಚು ಹಿಡಿದಿಲ್ಲ, ಕೆಟ್ಟವಳಲ್ಲ. ಗಾಜಿನವರೆಗೆ ಬಂದ ಸರಳಿನ ಎದುರು ಕೂತು, ಸಂಜೆಯ ಮಾತಾಡುತ್ತಿದ್ದಳು. ಸರಳಿಗಿಂತ ಅದಕ್ಕೇ ಫೈಬರಕ್ಕ ಹೆಚ್ಚು ಹೆದರಿದಳು.

ಅವಳು ಕೆಳಗಿಳಿದು, ಕಾರನ್ನು ಬಳಸಿ ಬಂದು, ಭಾವನ ಕಿಟಕಿಯ ಹತ್ತಿರ ನಿಂತು ಕೈ ಚಾಚಿದಳು.

"ಕೀ ಕೊಡಿ ಭಾವ."

"ಬೇಡ ಪುಟ್ಟಿ" ಎಂದಳು ಅಕ್ಕ. "ಅದೊಂದನ್ನ ಕಿತ್ಕೊಂಡ್ರೆ ಸತ್ತೇ ಹೋಗ್ತಾರೆ ಕಣೇ."

ಈ ಸಲ ಭಾವನಿಗೂ ತಮಾಷೆ ಹೊಳೆಯಲಿಲ್ಲ. ಆಮೇಲೆ ಇಂಜಿನ್ನು ಆರಿಸಿ, ಕೀ ಎಳೆದು, ದನಿ ಬಂದ ಕಡೆಗೆ ನೇರವಾಗಿ ಮುಖ ತಿರುಗಿಸಿದ. ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ ಹಾಗೆಯೇ ಇತ್ತು. ಕೀ ಹಿಡಿದ ಕೈಯನ್ನು ಹೊರಗೆ ಚಾಚಿದ. ಅದು ಅವಳ ಅಂಗೈಯನ್ನು ಬಿಟ್ಟು ಮೊಳ ದೂರದಲ್ಲಿ, ಬರಿಯ ಗಾಳಿಯಲ್ಲಿ ನಿಂತಿತು.

ಹಿಂದಿನ ಸೀಟಿನಿಂದ ಗುಬ್ಬಿ ಮುಂದಕ್ಕೆ ಬಗ್ಗಿ ಅವನ ತೋಳು ಮುಟ್ಟಿದಳು. "ಅಲ್ಲಲ್ಲ ದೊಡ್ಡಪ್ಪ. ಅಮ್ಮನ ಕೈ ಈ ಕಡೆ ಇದೆ."

ಫೈಬರಕ್ಕ ಕೈಯನ್ನು ಸರಿಸಿ ಕೀ ತೆಗೆದುಕೊಂಡಳು. ಕಾರಿನೊಳಗೆ ಮೂರು ಮೀಟರುಗಳ ಮುಳ್ಳೂ ಕೆಳಗೆ ಬಿದ್ದಿದ್ದವು. ಅಕ್ಕ ಇನ್ನೂ ಅವುಗಳನ್ನೇ ನೋಡುತ್ತಾ, ಉಂಗುರದ ಬೆರಳಿನಿಂದ ಆ ಮೆತ್ತನೆಯ ಅಂಚನ್ನು ತಟ್ಟುತ್ತಿದ್ದಳು. ಎರಡು ಸಲ ತಟ್ಟಿ ನಿಲ್ಲಿಸುವಳು, ಮತ್ತೆ ಎರಡು ಸಲ ತಟ್ಟುವಳು. ಭಾವ ಕಿವಿ ಅತ್ತ ಮಾಡಿಕೊಂಡು ಕೂತಿದ್ದ.